ಸೂಳೆಕೆರೆಯಲ್ಲಿ ಕಳೆದದ್ದು

ಆ ಕಾಲದಲ್ಲಿ ದಾವಣಗೆರೆಯ ವ್ಯಾಪಾರಸ್ಥರಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹತ್ತಿ ಮಂಡಿಯಲ್ಲಿ ಬೆನ್ನು ಮುರಿಯುವ ಹಾಗೆ ದುಡಿಯುತ್ತಿದ್ದವರು ಹಮಾಲರು. ಸಾಹುಕಾರರು ಗಾದಿಯ ಮೇಲೆ ದಿಂಬಿಗೆ ಒರಗಿ, ಊರು ಬಿಟ್ಟು ಓಡಲು ಒಂದು ನೆಪ ಸಿಕ್ಕೀತೇ ಎಂದು ಕಾಯುತ್ತಿದ್ದರು. ಮಂಡಿಯ ಬಕ್ಕೇಶಪ್ಪನಿಗಂತೂ ನೆಪಕ್ಕೆ ಬರಗಾಲವೇ ಇರಲಿಲ್ಲ. ಪಿ.ಜೆ. ಬಡಾವಣೆಯಲ್ಲಿ ಮನೆ, ಮನೆ ಮುಂದೆ ಸ್ವಂತ ಲಾರಿ, ಲಾರಿಗೆ ಮಕ್ತುಮ್ ಸಾಬ್ ಎಂಬ ಡ್ರೈವರು, ಕರೆದರೆ ಪಂಚೆ ಎತ್ತಿ ಕಟ್ಟಿ ಬರುವ ಏಳೆಂಟು ಮಂದಿ ಗೆಳೆಯರು. ಇನ್ನೇನು ಬೇಕು?

ಇವರು ಓಡುತ್ತಿದ್ದದ್ದು ಸೂಳೆಕೆರೆಗೆ. ಭದ್ರಾ ಕಾಲುವೆಯನ್ನು ಇನ್ನೂ ಅಗೆಯುತ್ತಿದ್ದ ವರ್ಷಗಳು ಅವು. ಸಂತೇಬೆನ್ನೂರು ದಾಟಿ ಧೂಳಿನ ದಾರಿಯಲ್ಲಿ ಹೋದರೆ ಗುಡ್ಡಗಳ ಸಾಲು ಹತ್ತಿರ ಬರುತ್ತದೆ. ಎರಡು ಗುಡ್ಡಗಳ ನಡುವೆ ಏರಿ. ಏರಿ ಹತ್ತಿ ನಿಂತರೆ, ಬಯಲುಸೀಮೆಯ ಮನುಷ್ಯ ತನ್ನ ಜನ್ಮದಲ್ಲಿ ಒಟ್ಟಿಗೆ ನೋಡಿರದಷ್ಟು ನೀರು, ಅದರ ಸುತ್ತ ಗುಡ್ಡಗಳು. ಮುಂಗಾರು ಹಿಡಿದರೆ ತುಂಬಿದ ಕೆರೆ ನೋಡಲು ಹೋಗಬೇಕು. ಕಾರ್ತಿಕದಲ್ಲಿ ಬೆಳದಿಂಗಳೂಟಕ್ಕೆ ಹೋಗಬೇಕು. ಚಳಿಗಾಲದಲ್ಲಿ ಗುಡ್ಡ ಹತ್ತಿ ಹಸಿ ಕಡಲೆ ಗಿಡ ಸುಟ್ಟು ತಿನ್ನಬೇಕು. ಬೇಸಿಗೆಯಲ್ಲಿ ಈಜಬೇಕು. ಮಳೆ ಬಂದರೆ ಅದೊಂದು ನೆಪ, ಬರದಿದ್ದರೆ ಇನ್ನೊಂದು. "ಆ ಕೆರೇನೇ ಕಟ್ಟಿಕೊಂಡಿದ್ರೆ ಆಗ್ತಿತ್ತು, ನನ್ನ ಯಾಕ ಕಟ್ಟಿಕೊಂಡ್ರಿ?" ಎಂದು ಬಕ್ಕೇಶಪ್ಪನ ಹೆಂಡತಿ ನಿರ್ಮಲಮ್ಮ ಹೋಳಿಗೆ ಕಟ್ಟಿ ಕೊಡುವಾಗಲೆಲ್ಲ ಕೇಳುತ್ತಿದ್ದಳು. ಕೇಳುತ್ತಲೇ ಇನ್ನೆರಡು ಹೋಳಿಗೆ ಹೆಚ್ಚಿಗೆ ಇಡುತ್ತಿದ್ದಳು.

ಆ ಎರಡು ಹೋಳಿಗೆ ವಾಮದೇವಪ್ಪನಿಗೆ. ಅವನು ಹರಿಹರದವನು, ಅಲ್ಲಿ ಬಟ್ಟೆ ಅಂಗಡಿ. ಬಕ್ಕೇಶಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿ, ಒಂದೇ ಮೇಷ್ಟ್ರ ಕೈಯಲ್ಲಿ ಏಟು ತಿಂದವನು. ಮಕ್ಕಳಿರಲಿಲ್ಲ. ಹೆಂಡತಿ ದ್ರಾಕ್ಷಾಯಣಮ್ಮ ವಿಷಮಶೀತ ಜ್ವರದಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡಿಸುವವರೂ ಇರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಆಡುವ ಮಾತೇ ಅವನ ದಿನದ ಮಾತು. ಅಂಗಡಿ ಮುಚ್ಚಿದ ಮೇಲೆ ಬಾಯಿಯನ್ನೂ ಮುಚ್ಚಿದ ಹಾಗೆ.

"ಮನ್ಯಾಗ ಕುಂತು ಕುಂತು ಗೋಡೆ ಆಗಿಬಿಡ್ತೀಯ ಕಣೋ," ಎಂದು ಬಕ್ಕೇಶಪ್ಪ ಬೈಯುತ್ತಿದ್ದ. ಪ್ರತಿ ಸಲವೂ ಹರಿಹರಕ್ಕೆ ಆಳು ಕಳಿಸುತ್ತಿದ್ದ. ವಾಮದೇವಪ್ಪ ಬೆಳಗಿನ ರೈಲಿಗೆ ದಾವಣಗೆರೆಗೆ ಬಂದು, ಲಾರಿಯ ಹಿಂದೆ ಜಮಖಾನೆಯ ಮೇಲೆ ಒಂದು ಮೂಲೆ ಹಿಡಿದು ಕೂರುತ್ತಿದ್ದ. ಎಲ್ಲರೂ ನಕ್ಕರೆ ಅವನ ತುಟಿಯೂ ಅಲ್ಲಾಡುತ್ತಿತ್ತು. ಗೆಳೆಯರ ನಡುವೆ ಕೂತು ಒಂಟಿಯಾಗಿರುವುದು ಮನೆಯಲ್ಲಿ ಒಂಟಿಯಾಗಿರುವುದಕ್ಕಿಂತ ಕಷ್ಟ. ಮನೆಯಲ್ಲಾದರೆ ಮುಖಕ್ಕೆ ರಜೆ ಇರುತ್ತದೆ.

ಅವನಲ್ಲಿ ಒಂದು ಗುಟ್ಟು ಇತ್ತು. ಓದುವವರಿಂದ ಅದನ್ನು ಮುಚ್ಚಿಟ್ಟು ಆಟ ಆಡಿಸುವುದು ನನಗೆ ಸೇರದು, ಈಗಲೇ ಹೇಳಿಬಿಡುತ್ತೇನೆ.

ಲಿಂಗವಂತರಲ್ಲಿ ಹುಟ್ಟಿದವರಿಗೆ ಕೊರಳಿಗೆ ಬಂದ ಇಷ್ಟಲಿಂಗ ಮಣ್ಣಿಗೆ ಹೋಗುವವರೆಗೂ ಮೈಬಿಡುವುದಿಲ್ಲ. ಸತ್ತಾಗ ಅದನ್ನು ಅಂಗೈಯಲ್ಲಿಟ್ಟೇ ಸಮಾಧಿ ಮಾಡುತ್ತಾರೆ. ಬದುಕಿರುವಾಗ ಅದು ಕಳೆದರೆ, ಸಿಗುವವರೆಗೆ ಅನ್ನ ನೀರು ಮುಟ್ಟಬಾರದು. ದ್ರಾಕ್ಷಾಯಣಮ್ಮ ಮತ್ತು ಅವನು ದಿನವೂ ಬೆಳಿಗ್ಗೆ ಅಕ್ಕಪಕ್ಕ ಕೂತು ಪೂಜೆ ಮಾಡುತ್ತಿದ್ದರು. ಅವಳ ಇಷ್ಟಲಿಂಗ ಚಿಕ್ಕದು, ನಂದಿಗುಡಿಯ ಮಠದಲ್ಲಿ ಅವಳು ಕೂಸಾಗಿದ್ದಾಗ ಕಟ್ಟಿದ್ದು. ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದಳೆಂದರೆ ಒಲೆಯ ಮೇಲೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಉಕ್ಕಿದ ಹಾಲಿಗೆ ಎಷ್ಟೋ ಸಲ ಅವನೇ ಓಡಿದ್ದಿದೆ.

ಕಡರನಾಯಕನಹಳ್ಳಿಯ ತಮ್ಮ ಹೊಲದಲ್ಲಿ ಅವಳ ಸಮಾಧಿಯಾದ ದಿನ, ಗುಂಡಿಗೆ ಇಳಿದು ಅಂಗೈಯಲ್ಲಿ ಲಿಂಗ ಇಡಬೇಕಾದವನು ಅವನೇ. ಮೇಲೆ ಮಂತ್ರ, ಅಳು, ವಿಭೂತಿಯ ಧೂಳು. ಅವಳ ಕೊರಳಿನ ವಸ್ತ್ರ ಬಿಚ್ಚಿ ಆ ಚಿಕ್ಕ ಲಿಂಗವನ್ನು ಕೈಗೆ ತೆಗೆದುಕೊಂಡ. ಇಷ್ಟು ವರ್ಷ ದಿನವೂ ಅವಳ ಅಂಗೈಯ ಬಿಸಿಯಲ್ಲಿ ಇದ್ದ ವಸ್ತು. ಇದನ್ನೂ ಮಣ್ಣಿಗೆ ಕೊಡಬೇಕೆ ಎನಿಸಿತು. ಕೈ ಕೇಳಲಿಲ್ಲ. ತನ್ನ ಕೊರಳಿನದನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟು ಬಿಲ್ವಪತ್ರೆ ಮುಚ್ಚಿದ. ಅವಳದನ್ನು ತನ್ನ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಮೇಲೆ ಬಂದ. ಯಾರೂ ನೋಡಲಿಲ್ಲ. ನೋಡಿದ್ದರೆ ಊರು ಅವನನ್ನು ಬಿಡುತ್ತಿರಲಿಲ್ಲ.

ಅಂದಿನಿಂದ ಅವನು ಬದುಕಿದ್ದು ಅದನ್ನು ಹಿಡಿದುಕೊಂಡೇ. ಬೆಳಿಗ್ಗೆ ಅಂಗೈಯಲ್ಲಿಟ್ಟು ಕೂತರೆ ಪಕ್ಕದ ಮಣೆ ಖಾಲಿ ಅನಿಸುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಖಾಲಿ.

ಅವಳು ಹೋದ ಮೇಲಿನ ಎರಡನೆಯ ಬೇಸಿಗೆಯಲ್ಲಿ ಲಾರಿ ಸೂಳೆಕೆರೆಗೆ ಹೋದಾಗ ನೀರು ತಳಕ್ಕಿಳಿದಿರಲಿಲ್ಲ, ಈಜಲು ಬೇಕಾದಷ್ಟಿತ್ತು. ಏರಿಯ ಪಕ್ಕದ ಮರದ ನೆರಳಿನಲ್ಲಿ ಬುತ್ತಿಯ ಗಂಟುಗಳನ್ನು ಇಳಿಸಿದರು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ, ಒಂದು ಮೂಟೆ ಮಂಡಕ್ಕಿ. ಮಂಡಕ್ಕಿಯಿಲ್ಲದೆ ದಾವಣಗೆರೆಯವರು ಸ್ವರ್ಗಕ್ಕೆ ಕರೆದರೂ ಹೋಗುವವರಲ್ಲ. ವಕೀಲ ಪರಮೇಶ್ವರಪ್ಪ ಕೋಟು ಕಳಚುವ ಮೊದಲೇ ಎರಡು ಮುಷ್ಟಿ ಮುಕ್ಕಿದ.

ನೀರಿಗಿಳಿಯುವ ಮುನ್ನ ಈ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಲಿಂಗವನ್ನು ದಡದಲ್ಲಿ ಬಿಚ್ಚಿಡುವಂತಿಲ್ಲ, ನೀರಿನಲ್ಲಿ ಬಿಡುವಂತೆಯೂ ಇಲ್ಲ. ಹಾಗಾಗಿ ಒಬ್ಬರ ಕೊರಳಿನ ವಸ್ತ್ರವನ್ನು ಇನ್ನೊಬ್ಬರು ಹಿಂದಿನಿಂದ ಎಳೆದು ಬಿಗಿದು, ಕತ್ತಿನ ಹಿಂದೆ ಗಂಟು ಹಾಕುತ್ತಿದ್ದರು. ತನ್ನ ಗಂಟು ತಾನೇ ಹಾಕಿಕೊಂಡರೆ ಬಿಗಿ ಬರುವುದಿಲ್ಲ. ಎಲ್ಲರೂ ಸಾಲಾಗಿ ನಿಂತು ಒಬ್ಬರ ಕುತ್ತಿಗೆಗೆ ಒಬ್ಬರು ಕೈ ಹಾಕಿದಾಗ ನೋಡಿದವರಿಗೆ ಜಗಳ ಶುರುವಾಗಿದೆ ಎನ್ನಿಸಬೇಕು.

"ಬಾರೋ ವಾಮಣ್ಣ, ತಿರುಗು," ಎಂದ ಬಕ್ಕೇಶಪ್ಪ.

"ಬ್ಯಾಡ. ನಾನಾ ಕಟ್ಟಿಕೊಂಡೀನಿ."

"ನಿನಗೆ ಹಿಂದೆ ಕೈ ಎಟಕ್ತೈತಾ?"

"ಎಟಕ್ತೈತೆ ಬಿಡೋ."

ಬೇರೆಯವರ ಬೆರಳು ತಗುಲಿದರೆ ವಸ್ತ್ರದೊಳಗಿನ ಇಷ್ಟಲಿಂಗ ಅವನ ಹಳೆಯದರಷ್ಟು ದಪ್ಪ ಇಲ್ಲವೆಂದು ತಿಳಿದುಬಿಡುತ್ತದೆ ಎಂಬುದು ಅವನ ಅಂಜಿಕೆ. ಅದಕ್ಕಾಗಿಯೇ ಹಿಂದಿನ ಬೇಸಿಗೆಯಲ್ಲಿ ನೆಗಡಿ ಎಂದು ಸುಳ್ಳು ಹೇಳಿ ದಡದಲ್ಲೇ ಕೂತಿದ್ದ. ಈ ಸಲ ಸೆಖೆ ತಡೆಯಲಾಗಲಿಲ್ಲ. ನೀರು ಕರೆಯುತ್ತಿತ್ತು. ಹರಿಹರದ ಹೊಳೆಯಲ್ಲಿ ಈಜು ಕಲಿತ ಮೈ ಅದು.

ಇಳಿದ. ಮೊದಲು ಎದೆಮಟ್ಟ, ಆಮೇಲೆ ಕಾಲಿಗೆ ನೆಲ ಸಿಗದ ಕಡೆ. ನೀರು ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಅಂಗಾತ ಮಲಗಿ ತೇಲಿದ. ಸುತ್ತ ಗುಡ್ಡಗಳು, ಮೇಲೆ ಆಕಾಶ. ಕಿವಿಯೊಳಗೆ ನೀರು ತುಂಬಿ ಗೆಳೆಯರ ಗದ್ದಲ ಎಲ್ಲೋ ದೂರದ್ದಾಯಿತು. ಅಷ್ಟರಲ್ಲಿ ಬಕ್ಕೇಶಪ್ಪ ದಡದ ಬಂಡೆಯ ಮೇಲಿಂದ ತನ್ನ ಭಾರೀ ಹೊಟ್ಟೆಯನ್ನು ಹೊತ್ತು ಓಡಿಬಂದು ನೀರಿಗೆ ಬಿದ್ದ. ದುಮುಕಿದ ಎನ್ನುವುದು ತಪ್ಪು, ಬಿದ್ದದ್ದೇ. ಆ ರಭಸಕ್ಕೆ ಪರಮೇಶ್ವರಪ್ಪ ಒಂದು ಗುಟುಕು ಕುಡಿದು, "ಏ ನಿನ್ನ ಮ್ಯಾಲೆ ಕೇಸ್ ಹಾಕ್ತೀನಿ!" ಎಂದು ಕೆಮ್ಮುತ್ತಾ ಕೂಗಿದ. ವಾಮದೇವಪ್ಪನಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು, ನೀರು ಬಡಿದು, ಮುಳುಗಿ ಎದ್ದು ನಕ್ಕ. ಹೆಂಡತಿ ಹೋದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು. ಬಕ್ಕೇಶಪ್ಪ ಇನ್ನೂ ಎರಡು ಸಲ ಬೇಕೆಂದೇ ಹಾಗೆ ಬಿದ್ದ. ಇವನೂ ಅವನ ಹಿಂದೆ ಬಂಡೆ ಹತ್ತಿ ಹಾರಿದ.

ದಡಕ್ಕೆ ಬಂದು ಮೈ ಒರೆಸಿಕೊಳ್ಳುವಾಗ ಕೈ ಎದೆಗೆ ಹೋಯಿತು. ಎದೆ ಬರಿದಾಗಿತ್ತು.

ಕೊರಳು ತಡವಿದ, ಬೆನ್ನು ತಡವಿದ, ಟವೆಲ್ಲು ಝಾಡಿಸಿದ. ಆಮೇಲೆ ಓಡಿಹೋಗಿ ನೀರಿಗೆ ಬಿದ್ದ. ಅವನ ಮುಖ ನೋಡಿಯೇ ಎಲ್ಲರಿಗೂ ಅರ್ಥವಾಯಿತು. ನಗು ನಿಂತಿತು.

ಮಧ್ಯಾಹ್ನವೆಲ್ಲ ಹುಡುಕಿದರು. ಮಕ್ತುಮ್ ಸಾಬ್ ಒಳ್ಳೆ ಮುಳುಗುಗಾರ. ಉಸಿರು ಕಟ್ಟಿ ತಳಕ್ಕೆ ಹೋಗಿ ಮುಷ್ಟಿ ತುಂಬ ಕೆಸರು ತರುತ್ತಿದ್ದ; ಎಲ್ಲರೂ ಅದನ್ನು ಬೆರಳಿನಲ್ಲಿ ಬಿಡಿಸಿ ನೋಡುತ್ತಿದ್ದರು. ಒಂದು ಸಲ ವಸ್ತ್ರ ಸಿಕ್ಕಿತು. ನೀರಿನ ಗಿಡಕ್ಕೆ ಸುತ್ತಿಕೊಂಡಿತ್ತು. ಒಳಗೆ ಏನೂ ಇರಲಿಲ್ಲ. ವಾಮದೇವಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ಇನ್ನೊಮ್ಮೆ ನೋಡಿದರೆ ಇದ್ದೀತೇನೋ ಎನ್ನುವ ಹಾಗೆ.

ಬುತ್ತಿಯ ಗಂಟುಗಳು ಬಿಚ್ಚದೆ ಹಾಗೇ ಇದ್ದವು. ಒಬ್ಬನ ಕೊರಳು ಬರಿದಾಗಿರುವಾಗ ಉಳಿದವರ ಗಂಟಲಲ್ಲಿ ತುತ್ತು ಇಳಿಯುವುದು ಹೇಗೆ? ಮಕ್ತುಮ್ ಸಾಬನ ಬುತ್ತಿ ಬೇರೆ, ಅವನಿಗೆ ಈ ಕಟ್ಟಳೆ ಇಲ್ಲ. "ನೀನಾದ್ರೂ ಉಣ್ಣಪ್ಪ," ಎಂದು ಬಕ್ಕೇಶಪ್ಪ ಹೇಳಿದರೆ, "ಹೆಂಗೆ ಉಣ್ಲಿ ಸಾವ್ಕಾರ್ರೆ? ಹಸಿವೇ ಇಲ್ರಿ," ಎಂದು ಮತ್ತೆ ನೀರಿಗೆ ಹೋದ.

ಬಿಸಿಲು ಗುಡ್ಡದ ಆಚೆ ಇಳಿಯುತ್ತಿದ್ದಂತೆ ಪರಮೇಶ್ವರಪ್ಪ ಮೆಲ್ಲಗೆ ಮಾತು ತೆಗೆದ. "ನೋಡ್ರಿ ವಾಮದೇವಪ್ನೋರೆ, ಇಷ್ಟು ದೊಡ್ಡ ಕೆರಿಯಾಗ ಅದು ಸಿಗೋದು ಸುಳ್ಳು. ಅಯ್ನೋರ ಹತ್ರ ಹೋಗಿ ಹೊಸಾದು ಕಟ್ಟಿಸಿಕೊಂಡ್ರಾತು. ಎಷ್ಟೋ ಮಂದಿಗೆ ಹಿಂಗಾಗೈತೆ. ಅದಕ್ಕೆ ದಾರಿ ಐತಲ್ರಿ?"

"ನನಗೆ ಹೊಸಾದು ಬ್ಯಾಡ."

"ಬ್ಯಾಡ ಅಂದ್ರೆ? ಉಪಾಸ ಸಾಯ್ತೀರೇನು?"

"ಅದಾ ಸಿಗಬೇಕು."

"ಹಟ ಮಾಡಬ್ಯಾಡ್ರಿ. ಲಿಂಗ ಹೊಸಾದಾದ್ರೇನು, ಶಿವ ಬ್ಯಾರೆ ಆಗ್ತಾನೇನ್ರಿ?"

ವಕೀಲನ ವಾದದಲ್ಲಿ ತಪ್ಪೇನೂ ಇರಲಿಲ್ಲ. ಶಿವನ ವಿಷಯದಲ್ಲಿ ಅವನು ಹೇಳಿದ್ದು ಸರಿಯೇ. ವಾಮದೇವಪ್ಪನಿಗೆ ಬೇಕಾಗಿದ್ದದ್ದು ಶಿವನೊಬ್ಬನೇ ಅಲ್ಲ, ಅದನ್ನು ಹೇಳುವ ಬಾಯಿ ಅವನಿಗಿರಲಿಲ್ಲ. ಹೇಳಿದರೆ ಸಮಾಧಿಯ ಗುಂಡಿಯಲ್ಲಿ ಮಾಡಿದ್ದನ್ನು ಹೇಳಬೇಕು. ಸುತ್ತ ಕೂತವರ ಮುಖಗಳನ್ನು ನೋಡಿದ. ಎಲ್ಲರೂ ಅವನಿಗಾಗಿ ಹಸಿದು ಕೂತವರು. ಆದರೂ ಅವನು ಏನನ್ನು ಕಳೆದುಕೊಂಡಿದ್ದಾನೆಂದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ಅವನು ಎಂದೂ ಕೂತಿರಲಿಲ್ಲ. ಮೇಲಾಗಿ ಇನ್ನೊಂದು ಸಂಕಟ: ಗಂಟು ಬಿಚ್ಚಿದ್ದು ತಾನು ನಗುತ್ತಿದ್ದಾಗ. ಅವಳನ್ನು ಮರೆತ ಆ ಒಂದು ಗಳಿಗೆಯಲ್ಲೇ ಅವಳು ಕೈಬಿಟ್ಟು ಹೋದಳು ಎಂದು ಅವನಿಗೆ ಅನಿಸಿತು, ಅನಿಸಿದ್ದನ್ನು ತೆಗೆದುಹಾಕಲು ಆಗಲಿಲ್ಲ.

"ನೀವೆಲ್ಲ ಹೊರಡ್ರಿ," ಎಂದ. "ಮನೀಗೆ ಹೋಗಿ ಉಣ್ರಿ. ನಾನು ಇಲ್ಲೇ ಇರ್ತೀನಿ."

ಪರಮೇಶ್ವರಪ್ಪನಿಗೆ ಸಿಟ್ಟು ಬಂತು, ಹಸಿವೂ ಇತ್ತು, ಮರುದಿನ ಕೋರ್ಟೂ ಇತ್ತು. ಗೊಣಗುತ್ತಾ ಲಾರಿ ಹತ್ತಿದ. ಉಳಿದವರೂ ಒಬ್ಬೊಬ್ಬರಾಗಿ ಹತ್ತಿದರು. ಬಕ್ಕೇಶಪ್ಪ ಮಾತ್ರ ಹತ್ತಲಿಲ್ಲ. ಏರಿಯ ತುದಿಯಲ್ಲಿ ಸಿದ್ದೇಶ್ವರನ ಗುಡಿಯ ಜಗಲಿಯ ಮೇಲೆ ಜಮಖಾನೆ ಹಾಸಿ, ಗೆಳೆಯನ ಪಕ್ಕದಲ್ಲಿ ಬಿದ್ದುಕೊಂಡ. ಬಾಯಿ ಮುಚ್ಚಿ ಅಭ್ಯಾಸವಿಲ್ಲದ ಮನುಷ್ಯ ಅಂದು ಒಂದು ತಮಾಷೆಯನ್ನೂ ಆಡಲಿಲ್ಲ. ಬೆಳಗಾಗುವ ಮುಂಚೆಯೇ ಎದ್ದು ಏರಿಯ ಕೆಳಗಿನ ಊರಿಗೆ ನಡೆದುಹೋದ.

ಬಿಸಿಲೇರುವ ಹೊತ್ತಿಗೆ ಒಂದು ಚಕ್ಕಡಿ ಬಂತು. ಅದರಲ್ಲಿ ಬಕ್ಕೇಶಪ್ಪ ಮತ್ತು ಆ ಊರಿನ ಮುದಿ ಅಯ್ಯನವರು. ಅಯ್ಯನವರ ಜೋಳಿಗೆಯಲ್ಲಿ ಇಂಥ ಹೊತ್ತಿಗೆಂದು ಯಾವಾಗಲೂ ಒಂದೆರಡು ಲಿಂಗ ಇರುತ್ತಿದ್ದವು. ವಾಮದೇವಪ್ಪ ಆಗಲೂ ನೀರಿನ ಅಂಚಿನಲ್ಲೇ ಇದ್ದ. ಕಣ್ಣು ಕೆಂಪಾಗಿ, ತುಟಿ ಒಣಗಿ ಒಡೆದಿತ್ತು. ಅಷ್ಟು ನೀರಿನ ಮುಂದೆ ಕೂತು ಒಂದು ಹನಿಯನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ.

ಅಯ್ಯನವರು ಅವನನ್ನು ನೋಡಿ ಬಕ್ಕೇಶಪ್ಪನಿಗೆ, "ನೀನು ಒಂದೀಟು ಆ ಕಡೆ ಹೋಗಪ್ಪ," ಎಂದರು. ಆಮೇಲೆ ಕಲ್ಲಿನ ಮೇಲೆ ಕೂತು ಕೇಳಿದರು:

"ಹೊಸಾದು ಯಾಕ ಬ್ಯಾಡ ಅಂತೀಯ ತಮ್ಮಾ?"

ಗುರುತಿಲ್ಲದ ಮುದುಕ. ಹರಿಹರದವನಲ್ಲ, ನೆಂಟನಲ್ಲ, ನಾಳೆ ಎದುರಿಗೆ ಬರುವವನಲ್ಲ. ಅದಕ್ಕೇ ಇರಬೇಕು, ವಾಮದೇವಪ್ಪನ ಬಾಯಿ ಬಿಚ್ಚಿತು.

"ಅದು ನಂದಲ್ರಿ ಬುದ್ಧಿ. ನನ್ನ ಹೆಂಡ್ತೀದು."

ಎಲ್ಲವನ್ನೂ ಹೇಳಿದ. ಗುಂಡಿಗೆ ಇಳಿದದ್ದು, ಕೈ ಕೇಳದ್ದು, ತನ್ನದನ್ನು ಅವಳ ಅಂಗೈಯಲ್ಲಿಟ್ಟದ್ದು, ನಿನ್ನೆ ನಕ್ಕದ್ದು. ಹೇಳುತ್ತಾ ಅತ್ತ. ಅಯ್ಯನವರು ಬೈಯಲಿಲ್ಲ. ಕೆರೆಯ ಕಡೆ ನೋಡುತ್ತಾ ಕೇಳಿಸಿಕೊಂಡರು.

"ತಪ್ಪು ಮಾಡೀನಿ, ಗೊತ್ತೈತೆ," ಎಂದ ವಾಮದೇವಪ್ಪ. "ನನಗೆ ಏನಾದ್ರೂ ಆಗಲಿ. ಆಕಿಗೆ ಏನೂ ಕಮ್ಮಿ ಆಗಿಲ್ಲ ಅಲ್ರಿ? ಆಕಿದು ನೀರು ಪಾಲಾತು. ಅಲ್ಲಿ ಆಕಿ ಬರಿಗೈಲೆ ಇದ್ದಂಗಾಗಲಿಲ್ಲೇನ್ರಿ?"

ರಾತ್ರಿಯೆಲ್ಲ ಅವನನ್ನು ತಿಂದ ಭಯ ಇದೇ.

ಅಯ್ಯನವರು ತಲೆ ಅಲ್ಲಾಡಿಸಿದರು. "ಆಕಿ ಕೈಯಾಗ ನಿಂದು ಐತಲ್ಲಪ್ಪ. ಆಕಿ ತುಂಬಿದ ಕೈಲೆ ಹೋಗ್ಯಾಳೆ. ಅವತ್ತಿನಿಂದ ಬರಿಗೈಲೆ ಇರೋನು ನೀನು."

ಅಯ್ಯನವರು ಜೋಳಿಗೆಗೆ ಕೈ ಹಾಕಿದರು.

"ನಿಂದು ಅಂತ ಒಂದು ಕಟ್ಟಿಕೊಂಡು ಉಣ್ಣು. ಅಲ್ಲಿ ನೋಡು, ನಿನ್ನ ಗೆಳೆಯ ನಿನ್ನೆಯಿಂದ ನೀರು ಕುಡಿದಿಲ್ಲ."

ಬೇವಿನ ಗಿಡದ ಕೆಳಗೆ ಬಕ್ಕೇಶಪ್ಪ ಆ ದೊಡ್ಡ ಹೊಟ್ಟೆ ಹಿಡಿದುಕೊಂಡು ನೆಲ ನೋಡುತ್ತಾ ಕೂತಿದ್ದ. ವಾಮದೇವಪ್ಪ ಅಯ್ಯನವರ ಮುಂದೆ ಅಂಗೈ ಚಾಚಿದ. ಹೊಸ ಲಿಂಗ ತಣ್ಣಗಿತ್ತು, ನುಣ್ಣಗಿತ್ತು, ಯಾರ ಬಿಸಿಯೂ ಅದಕ್ಕೆ ತಾಗಿರಲಿಲ್ಲ. ಪೂಜೆ ಮುಗಿದ ಮೇಲೆ ಇಬ್ಬರೂ ಉಂಡರು. ನಿನ್ನೆಯ ಬುತ್ತಿಯಲ್ಲಿ ಉಳಿಸಿಕೊಂಡಿದ್ದ ಬಿರುಸಾದ ರೊಟ್ಟಿ, ಹುಳಿ ಬಂದ ಪಲ್ಯ. ಬಕ್ಕೇಶಪ್ಪ ತುತ್ತು ನುಂಗುವ ನಡುವೆಯೇ, "ಅಯ್ನೋರು ಏನಂದ್ರೋ?" ಎಂದು ಕೇಳಿದ. "ಉಣ್ಣು ಅಂದ್ರು," ಎಂದ ವಾಮದೇವಪ್ಪ. ಅದು ಸುಳ್ಳೂ ಅಲ್ಲ.

ಆಮೇಲೆ ದಾವಣಗೆರೆಯ ಗೆಳೆಯರೆಲ್ಲ ಬೆರಗಾಗುವಂಥ ಸಂಗತಿ ನಡೆಯಿತು. ವಾಮದೇವಪ್ಪ ಕರೆಯುವ ಮೊದಲೇ ಬರತೊಡಗಿದ. ಮುಂಗಾರಿನ ಮೊದಲ ಮಳೆ ಬಿದ್ದದ್ದೇ ತಡ, ಹರಿಹರದಿಂದ ರೈಲು ಹತ್ತಿ ಬಂದು, "ಕೆರೆಗೆ ಯಾವಾಗ?" ಎಂದು ಮಂಡಿಯ ಗಾದಿಯ ಮೇಲೆ ಕೂತ. "ವಾಮಣ್ಣ ಸುಧಾರಿಸ್ಯಾನೆ," ಎಂದು ಬಕ್ಕೇಶಪ್ಪ ಮನೆಯಲ್ಲಿ ಹೇಳಿದ. ನಿರ್ಮಲಮ್ಮನ ಕಣ್ಣಲ್ಲಿ ನೀರು ಬಂತು. ಪರಮೇಶ್ವರಪ್ಪನಂತೂ ಹೊಸ ಲಿಂಗ ಕಟ್ಟಿಸಿಕೊಳ್ಳುವ ಸಲಹೆ ಮೊದಲು ಕೊಟ್ಟವನು ತಾನೇ ಎಂದು ಎಲ್ಲರಿಗೂ ನೆನಪು ಮಾಡಿಕೊಟ್ಟ. ಅವರಿಗೆಲ್ಲ ಖುಷಿಯಾಗಿತ್ತು. ಆ ಖುಷಿಯನ್ನು ಕೆಡಿಸುವ ಮನಸ್ಸು ವಾಮದೇವಪ್ಪನಿಗೆ ಇರಲಿಲ್ಲ.

ಕೆರೆ ಆ ಸಲ ಚೆನ್ನಾಗಿ ತುಂಬಿತ್ತು. ಹಸಿರೇರಿದ ಗುಡ್ಡಗಳ ಬುಡಕ್ಕೆ ನೀರು ಮುಟ್ಟಿತ್ತು. ಅವನು ಬೇಸಿಗೆಯಲ್ಲಿ ಹಾರಿದ ಬಂಡೆ ಮುಳುಗಿ ಎಲ್ಲಿತ್ತೆಂದೇ ಕಾಣುತ್ತಿರಲಿಲ್ಲ. ಎಲ್ಲರೂ ಹೋ ಎಂದು ಕೂಗುತ್ತಾ ನೀರಿಗಿಳಿದರು. ವಾಮದೇವಪ್ಪ ಅಂಗಿಯನ್ನೂ ಕಳಚದೆ, ಕಾಲು ನೀಡಿಕೊಂಡು ದಡದಲ್ಲಿ ಕೂತು ನೋಡುತ್ತಿದ್ದ.

ಬಕ್ಕೇಶಪ್ಪ ಸೊಂಟದ ಮಟ್ಟ ನೀರಿನಲ್ಲಿ ನಿಂತು ಕೈ ಚಾಚಿದ. "ಇಳಿಯೋ ಮಾರಾಯ! ಇಷ್ಟು ದೂರ ಬಂದು ಒಣಗಿಕೊಂಡೇ ಹೋಗ್ತೀಯಾ?"

"ಬ್ಯಾಡೋ," ಎಂದ ವಾಮದೇವಪ್ಪ. ಎಂದವನು ಯೋಚಿಸುವ ಮೊದಲೇ ಇನ್ನೊಂದು ಮಾತು ಬಾಯಿಂದ ಜಾರಿತು. "ಕಾಲು ತಾಕೀತು."

"ಯಾರಿಗೆ?"

ಬಕ್ಕೇಶಪ್ಪ ನೀರು ತೊಟ್ಟಿಕ್ಕಿಸುತ್ತಾ ಉತ್ತರಕ್ಕೆ ಕಾದು ನಿಂತಿದ್ದ. ಒಂದೇ ಬೆಂಚಿನ ಗೆಳೆಯ, ಜೊತೆಯಲ್ಲಿ ಉಪವಾಸ ಬಿದ್ದವನು. ಅವನಿಗೊಬ್ಬನಿಗೆ ಹೇಳಬಹುದಿತ್ತು. ಅವಳ ಹೆಸರು ನಾಲಗೆಯ ತುದಿಗೂ ಬಂತು. ಅಷ್ಟರಲ್ಲಿ ಉಳಿದವರೂ ಇತ್ತ ತಿರುಗಿ ನೋಡಿದರು.

"ಮೀನಿಗೆ," ಎಂದ ವಾಮದೇವಪ್ಪ.

ಗುಂಪೆಲ್ಲ ಗೊಳ್ಳೆಂದು ನಕ್ಕಿತು. ವಾಮದೇವಪ್ಪನೂ ಅವರ ಜೊತೆ ಜೋರಾಗಿಯೇ ನಕ್ಕ. ಅವರು ಈಜುತ್ತಾ ಆಳಕ್ಕೆ ಹೋದ ಮೇಲೆ, ಅಲೆ ಬಂದು ಮುಟ್ಟದ ಹಾಗೆ ಕಾಲು ಮಡಚಿಕೊಂಡು, ದಡದಿಂದ ಸ್ವಲ್ಪ ಹಿಂದಕ್ಕೆ ಸರಿದು ಕೂತ.